ಚೀಟಿಯ ಎರಡನೇ ಸಾಲು

ಔಷಧಿ ಕಿಂಡಿಯ ಒಳಗೆ ಚಾಚಿದ್ದ ಕೈಯನ್ನು ಕಾಶಿ ಚೀಟಿಯ ಸಮೇತ ಹಿಂದಕ್ಕೆ ಎಳೆದುಕೊಂಡಳು.

“ಚೀಟಿ ಕೊಡಿ ಅಕ್ಕಾ, ಹಿಂದೆ ಜನ ಅದೆ,” ಎಂದ ಒಳಗಿದ್ದವನು.

“ಈಗ ಬಂದೆ,” ಎಂದು ಸಾಲು ಬಿಟ್ಟು ಹೊರಗೆ ಬಂದಳು. ಆಸ್ಪತ್ರೆಯ ಜಗುಲಿಯ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಚೀಟಿಯನ್ನು ಇನ್ನೊಮ್ಮೆ ನೋಡಿದಳು. ಮೊದಲ ಸಾಲಿನಲ್ಲಿ ಏನೋ ಗೀಚಿತ್ತು, ಒಂದಕ್ಷರವೂ ತಿಳಿಯಲಿಲ್ಲ. ಎರಡನೇ ಸಾಲಿನ ಕೊನೆಯಲ್ಲಿ ಮಾತ್ರ ಎರಡಕ್ಷರ ಬಿಡಿಬಿಡಿಯಾಗಿ, ದೊಡ್ಡದಾಗಿ ಎದ್ದು ಕಾಣುತ್ತಿದ್ದವು. ಬಿ, ಡಿ. ಅದರ ಪಕ್ಕ ಕತ್ತರಿಯ ಹಾಗೆ ಒಂದು ಗುರುತು. ಕತ್ತರಿಯ ಪಕ್ಕ 7.

ಅಂಕೋಲೆಯ ಪೇಟೆಯಲ್ಲಿ ಬಸ್ಸುಗಳು ಹಾರನ್ ಹಾಕುತ್ತಿದ್ದವು. ಮಗಳು ಮನಿಷಾ ಬೆಂಚಿನ ಮೇಲೆ ಶಾಲು ಹೊದ್ದು, ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಮೂರು ದಿನದ ಜ್ವರ. ಅವಳ ರಕ್ತ ತೆಗೆದು ಕಾರವಾರಕ್ಕೆ ಕಳಿಸುತ್ತೇವೆ ಎಂದಿದ್ದರು ಡಾಕ್ಟರು. “ಈ ಚೀಟಿ ತೋರ್ಸಿ ಮಾತ್ರೆ ತಗೊಳ್ಳಿ” ಎಂದೂ ಹೇಳಿದ್ದರು. ಹುಡುಗಪ್ರಾಯದ ಡಾಕ್ಟರು, ಹೊರಗೆ ನಲವತ್ತು ಜನ ಕಾಯುತ್ತಿದ್ದರು, ಹೆಚ್ಚು ಮಾತಾಡಿರಲಿಲ್ಲ.

ಕಾಶಿ ಓದಿದ್ದು ಕನ್ನಡ ಶಾಲೆಯ ನಾಲ್ಕನೇ ತರಗತಿ. ಇಂಗ್ಲಿಷಿನ ಅಕ್ಷರ ಕಲಿತದ್ದು ದೋಣಿಗಳ ಮೈಮೇಲಿಂದ. ಬೇಲೆಕೇರಿಯ ದಡಕ್ಕೆ ಯಾವ ಬೋಟು ಬಂತು, ಯಾರ ಮೀನು ಎಂದು ದೂರದಿಂದಲೇ ಗುರುತು ಹಿಡಿಯಬೇಕಾದರೆ ಬೋಟಿನ ಮೂತಿಯ ಮೇಲೆ ಬಣ್ಣದಲ್ಲಿ ಬರೆದ ಅಕ್ಷರ, ನಂಬರು ಗೊತ್ತಿರಲೇಬೇಕು. ಬುಟ್ಟಿ ಹೊತ್ತು ಮೀನು ಮಾರುವವಳಿಗೆ ಅಷ್ಟು ಸಾಕಿತ್ತು. ಆದರೆ ಬಿ, ಡಿ ಜೋಡಿಯಾಗಿ ನಿಂತರೆ ಏನು ಎಂಬುದನ್ನು ಅವಳಿಗೆ ದೋಣಿ ಕಲಿಸಿರಲಿಲ್ಲ.

ಆರು ವರ್ಷದ ಹಿಂದೆ, ಮೀನುಗಾರಿಕೆ ಶುರುವಾದ ತಿಂಗಳಲ್ಲೇ, ಅವಳ ಗಂಡ ತುಳಸಿದಾಸನ ದೋಣಿ ಹೊಳೆ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಮಗುಚಿತ್ತು. ಜೊತೆಯವರು ಅವನನ್ನು ಎಳೆದು ದಡಕ್ಕೆ ಹಾಕಿ, ಟೆಂಪೊದಲ್ಲಿ ಮಲಗಿಸಿ ಕಾರವಾರದ ಆಸ್ಪತ್ರೆಗೆ ಒಯ್ದಿದ್ದರು. ಕಾಶಿ ಟೆಂಪೊದ ಹಿಂಬದಿಯಲ್ಲಿ ಕುಳಿತು ಅವನ ಕಾಲು ತಿಕ್ಕುತ್ತ ಹೋಗಿದ್ದಳು. ಅಲ್ಲಿ ಅವನನ್ನು ಒಳಗೆ ತಳ್ಳಿಕೊಂಡು ಹೋದರು, ಇವಳನ್ನು ಮೇಜಿನ ಎದುರು ನಿಲ್ಲಿಸಿದರು. ಮೇಜಿನ ಹಿಂದಿದ್ದವನು ದೊಡ್ಡ ಪುಸ್ತಕ ಬಿಚ್ಚಿ ಹೆಸರು, ಊರು, ವಯಸ್ಸು ಕೇಳಿ ಬರೆದುಕೊಂಡ. ಒಳಗಿನಿಂದ ಯಾರೋ ಅವನನ್ನು ಕೂಗಿದರು. ಎದ್ದು ಹೋಗಿ ಬಂದವನು ತುಳಸಿದಾಸನ ಹೆಸರಿನ ಮುಂದೆ ಎರಡಕ್ಷರ ಬರೆದು, ಅಡಿಗೆ ಗೆರೆ ಎಳೆದ.

“ಅದು ವಾರ್ಡ್ ನಂಬರಾ?” ಎಂದು ಕಾಶಿ ಕೇಳಿದ್ದಳು.

ಅವನು ಪುಸ್ತಕ ಮಡಚಿ ಪಕ್ಕಕ್ಕಿಟ್ಟ. ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದು ಹೇಳಬೇಕಾದ್ದನ್ನು ಹೇಳಿದರು. ಅಕ್ಷರ ಮೊದಲು ಬಂದಿತ್ತು, ಸುದ್ದಿ ಆಮೇಲೆ ಬಂತು.

ಆ ಪುಟದ ನಕಲು ಹಿಡಿದು ಪರಿಹಾರಕ್ಕಾಗಿ ಕಾಶಿ ಎಷ್ಟೋ ಕಚೇರಿಗಳ ಮೆಟ್ಟಿಲು ಹತ್ತಿದಳು. ಒಮ್ಮೆ ಮೈದುನ ಸೋಮುವನ್ನು ಕೇಳಿದಳು, ಈ ಎರಡಕ್ಷರ ಏನು ಹೇಳುತ್ತದೆ ಎಂದು. “ಬ್ರಾಟ್ ಡೆಡ್ ಹೇಳಿ ಅತ್ಗೆ. ಉದ್ದ ಬರೂಕೆ ಪುರ್ಸೊತ್ತಿಲ್ಲ, ಅದ್ಕೆ ಗಿಡ್ಡ ಮಾಡ್ಕಂಡಿದ್ರು. ತರೂವಾಗ್ಲೇ ಜೀವ ಇರ್ಲಿಲ್ಲ ಅಂತ,” ಎಂದಿದ್ದ ಸೋಮು. ಒಬ್ಬ ಮನುಷ್ಯನ ಕೊನೆ ಇಷ್ಟು ಗಿಡ್ಡವಾಗುತ್ತದೆ ಎಂಬುದನ್ನು ಕಾಶಿ ಅಂದು ತಿಳಿದುಕೊಂಡಳು.

ಈಗ ಆ ಎರಡಕ್ಷರ ಮಗಳ ಚೀಟಿಯಲ್ಲಿ ಕುಳಿತಿತ್ತು. ಪಕ್ಕದಲ್ಲಿ ಏಳು. ಏಳು ಏನು? ಏಳು ದಿನ. ಮತ್ತೇನಿದ್ದೀತು? ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಮೀನಖಂಡ ಒತ್ತಿದಾಗ ಹುಡುಗಿ ಕಿರುಚಿದಳು, ಡಾಕ್ಟರ ಮುಖ ಸಣ್ಣದಾಯಿತು, ಆಮೇಲೆ ಬರೆದರು. ಅವರಿಗೆ ತಿಳಿದಿತ್ತು. ಈ ಚೀಟಿಯನ್ನು ಕಿಂಡಿಯೊಳಗೆ ಕೊಟ್ಟರೆ ಅಲ್ಲಿಯೂ ಒಂದು ಪುಸ್ತಕವಿದೆ, ಅದರಲ್ಲಿ ಏರಿಸಿಕೊಳ್ಳುತ್ತಾರೆ. ತನ್ನ ಹತ್ತಿರವೇ ಇದ್ದರೆ ಯಾವ ಪುಸ್ತಕಕ್ಕೂ ಏರುವುದಿಲ್ಲ. ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ತುರುಕಿದಳು.

“ಸಿಕ್ತಾ ಆಯಿ?” ಮನಿಷಾ ಕಣ್ಣು ಬಿಡದೆ ಕೇಳಿದಳು.

“ಸಿಕ್ತು. ನಡೆ, ಮನಿಗೆ ಹೋಗ್ವ.”

ದಾರಿಯ ಅಂಗಡಿಯಲ್ಲಿ ಜ್ವರದ ಬಿಳಿ ಮಾತ್ರೆಯ ಒಂದು ಪಟ್ಟಿ ಕೊಂಡಳು. ಅದಕ್ಕೆ ಚೀಟಿ ಬೇಕಾಗಲಿಲ್ಲ.

ಅವರ ಮನೆ ಹಟ್ಟಿಕೇರಿಯಲ್ಲಿ, ಹೊಳೆಗೆ ಹತ್ತಿರ. ಹದಿನೈದು ದಿನದ ಹಿಂದೆ ಹೊಳೆ ನೀರು ಬಲೆ ಇಡುವ ಶೆಡ್ಡಿಗೆ ನುಗ್ಗಿತ್ತು. ಒಣಮೀನಿನ ಚೀಲಗಳು ಕೊಳೆತು, ಇಲಿಗಳು ಸತ್ತು, ವಾಸನೆ ತಡೆಯಲಾಗದೆ ಮನಿಷಾ ಎರಡು ದಿನ ಬರಿಗಾಲಲ್ಲಿ ನಿಂತು ತೊಳೆದಿದ್ದಳು. ಇಪ್ಪತ್ತೆರಡರ ಹುಡುಗಿ, ಬಿ.ಎ. ಮುಗಿಸಿ ಅಂಕೋಲೆಯ ಬಟ್ಟೆ ಅಂಗಡಿಗೆ ಹೋಗುತ್ತಿದ್ದಳು, ಆದರೆ ಮನೆಯ ಕೆಲಸಕ್ಕೆ ಮೂಗು ಮುರಿಯುವವಳಲ್ಲ. ಹಿಮ್ಮಡಿಯಲ್ಲಿ ಬಿರುಕಿತ್ತು. ನೀರಿಗೆ ಇಳಿಯಬೇಡ ಎಂದು ತಾನು ಹೇಳಬೇಕಿತ್ತು ಎಂದು ಕಾಶಿಗೆ ಈಗ ಅನಿಸುತ್ತಿತ್ತು. ಆಗ ಅನಿಸಿರಲಿಲ್ಲ.

ಮರುದಿನ ಸೋಮು ಮೀನಿನ ಟೆಂಪೊ ನಿಲ್ಲಿಸಿ ಹುಡುಗಿಯನ್ನು ನೋಡಲು ಬಂದ. ಕಾಶಿ ಅವನಿಗೆ ಚಹಾ ಕೊಟ್ಟು, ಹಿಂದಿನ ಬಾಗಿಲ ಹತ್ತಿರ ಕರೆದಳು.

“ಸೋಮೂ, ಬಿ ಡಿ ಅಂದ್ರೆ ಬೇರೆ ಯಂತಾರೂ ಆಗ್ತದ್ಯೇನಾ?”

“ಬೀಡಿಯಾ?” ಎಂದು ನಕ್ಕವನು ಅತ್ತಿಗೆಯ ಮುಖ ನೋಡಿ ನಗು ನಿಲ್ಲಿಸಿದ. ಚಹಾದ ಲೋಟ ಕಟ್ಟೆಯ ಮೇಲೆ ಇಟ್ಟ. “ಅಣ್ಣನ ಕಾಗ್ದದಾಗೆ ಇತ್ತಲ, ಅದಾ? ಈಗ್ಯಾಕೆ ಅತ್ಗೆ ಅದೆಲ್ಲ? ಆರು ವರ್ಷ ಆಯ್ತು. ಮನಸ್ಸಿಗೆ ಹಚ್ಕಬೇಡ.”

“ಬೇರೆ ಅರ್ಥ ಇಲ್ವೇನಾ ಅದ್ಕೆ?”

“ಆಸ್ಪತ್ರೆ ಕಾಗ್ದದಾಗೆ ಬೇರೆ ಯಂತ ಇರ್ತದೆ? ಅದೇಯ.”

ಅವನು ಹೋದ ಮೇಲೆ ಕಾಶಿ ಆಚೆ ಮನೆಯ ನಾಗಮ್ಮನ ಸೊಸೆ ಸೌಜನ್ಯಾಳನ್ನು ಕೇಳಿದಳು. ಅವಳು ಮೊಬೈಲು ಒತ್ತುತ್ತಲೇ, “ಬಿ ಡಿ ಅಂದ್ರೆ ಬರ್ತ್ ಡೇ ಕಾಶಕ್ಕ. ಹುಟ್ಟಿದ ಹಬ್ಬಕ್ಕೆ ಎಲ್ಲರೂ ಹಂಗೇ ಹಾಕ್ತ್ರು,” ಎಂದಳು. ಕಾಶಿಯ ಎದೆ ಒಂದು ಕ್ಷಣ ಹಗುರಾಯಿತು. ಹುಟ್ಟಿದ ದಿನ ಬರೆದಿರಬಹುದು, ಎಲ್ಲ ಅರ್ಜಿಗಳಲ್ಲೂ ಕೇಳುತ್ತಾರಲ್ಲ! ಮನೆಗೆ ಓಡಿ ಬಂದು ಚೀಟಿ ಬಿಡಿಸಿದಳು. ಮನಿಷಾ ಹುಟ್ಟಿದ್ದು ಹನ್ನೊಂದನೇ ತಾರೀಖು. ಚೀಟಿಯಲ್ಲಿ ಹನ್ನೊಂದು ಎಲ್ಲಿಯೂ ಇರಲಿಲ್ಲ. ಏಳು ಮಾತ್ರ ಇತ್ತು.

ಯಾರಾದರೂ ಓದಿದವರ ಮುಂದೆ ಚೀಟಿಯನ್ನೇ ಬಿಡಿಸಿ ಹಿಡಿದಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. ಮಗಳೇ ಓದಬಲ್ಲವಳಾಗಿದ್ದಳು. ಕಾಶಿಗೆ ಅದು ಹೊಳೆಯಲಿಲ್ಲ ಎಂದಲ್ಲ, ಧೈರ್ಯವಾಗಲಿಲ್ಲ. ಸಾಯುವ ದಿನ ಬರೆದ ಕಾಗದವನ್ನು ಸಾಯುವವಳ ಕೈಯಲ್ಲೇ ಕೊಟ್ಟು ಓದು ಎನ್ನಲು ಯಾವ ತಾಯಿಗೆ ಆಗುತ್ತದೆ?

ಮೂರನೇ ದಿನ ಆಶಾ ಕಾರ್ಯಕರ್ತೆ ಹೊನ್ನು ಕೊಡೆ ಮಡಚಿಕೊಂಡು ಜಗುಲಿ ಹತ್ತಿದಳು. ರಕ್ತದ ಫಲಿತಾಂಶ ಬಂದಿತ್ತು.

“ಇಲಿಜ್ವರ ಕಾಶಕ್ಕ. ಹೆದ್ರೂದು ಬೇಡ, ಬೇಗ ಪತ್ತೆ ಆಯ್ತು. ಡಾಕ್ಟ್ರು ಕೊಟ್ಟ ಮಾತ್ರೆ ತಪ್ಪದೆ ತಗಳ್ತೇ ಇದ್ಲಾ?”

ಕಾಶಿ ಬಾಗಿಲ ದಾರಂದಕ್ಕೆ ಒರಗಿ ನಿಂತಿದ್ದಳು. “ಹ್ಞೂಂ,” ಎಂದಳು.

“ಪೂರ್ತಿ ಮುಗ್ಸಬೇಕು ಮತ್ತೆ. ಜ್ವರ ಇಳೀತು ಹೇಳಿ ಮಧ್ಯ ಬಿಡೂದಲ್ಲ.” ಹೊನ್ನು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋದಳು.

ಕಾಶಿಯ ಕಿವಿಗೆ ಬಿದ್ದದ್ದು ಇಲಿಜ್ವರ ಎಂಬ ಒಂದೇ ಶಬ್ದ. ಹೋದ ವರ್ಷ ಅವರ್ಸಾ ಕಡೆಯ ಒಬ್ಬ ಗದ್ದೆ ಕೆಲಸದವನು ಅದೇ ಜ್ವರದಲ್ಲಿ ಹೋಗಿದ್ದ. ಡಾಕ್ಟರು ಫಲಿತಾಂಶ ಬರುವ ಮೊದಲೇ ಚೀಟಿಯಲ್ಲಿ ಬರೆದಿದ್ದರು ಎಂದರೆ ಎಷ್ಟು ಖಾತ್ರಿ ಇರಬೇಕು! ಅವಳು ಊರ ದೇವಿಗೆ ಹರಕೆ ಹೊತ್ತಳು. ಮೆಣಸು ಜೀರಿಗೆಯ ಕಷಾಯ ಕುದಿಸಿದಳು. ಬಿಳಿ ಮಾತ್ರೆ ಕೊಟ್ಟಳು. ಮಾತ್ರೆ ಕೊಟ್ಟಾಗ ಜ್ವರ ಎರಡು ತಾಸು ಇಳಿದು, ಮತ್ತೆ ಏರುತ್ತಿತ್ತು.

ನಾಲ್ಕನೇ ದಿನ ಮನಿಷಾಳ ಕಣ್ಣು ಕೆಂಪಾಗಿದ್ದವು, ಐದನೆಯ ದಿನ ಬೆಳಿಗ್ಗೆ ಅರಿಶಿನವಾಗಿದ್ದವು. ಗಂಜಿ ಇಳಿಯಲಿಲ್ಲ. ಕಾಲು ಮುಟ್ಟಲು ಬಿಡಲಿಲ್ಲ.

“ಆಯಿ, ಕಾರವಾರಕ್ಕೆ ಕರ್ಕಂಡು ಹೋಗೇ,” ಎಂದಳು.

“ನಾಳೆ ನೋಡ್ವ.”

“ನಾಳೆಗೆ ಯಂತಕ್ಕೆ? ನಿನ್ನೆ ಮಧ್ಯಾಹ್ನದಿಂದ ಉಚ್ಚೆ ಬರ್ಲಿಲ್ಲ ನಂಗೆ.”

ಕಾಶಿ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಅವಳ ಲೆಕ್ಕ ಬೇರೆಯೇ ಇತ್ತು. ಆಸ್ಪತ್ರೆಗೆ ತಂದರೆ ತಾನೇ ‘ತರುವಾಗಲೇ’ ಎಂದು ಬರೆಯುವುದು? ತಾರದೆ ಇದ್ದರೆ ಆ ಅಕ್ಷರಕ್ಕೆ ಜಾಗವೇ ಇಲ್ಲ. ಏಳು ದಿನ ಮನೆಯೊಳಗೆ ಕಾದು ಕುಳಿತರೆ, ಎಂಟನೆಯ ದಿನ ಆ ಚೀಟಿ ಸುಳ್ಳಾಗುತ್ತದೆ. ಇನ್ನು ಎರಡೇ ದಿನ. ಹಾಗೆಂದುಕೊಳ್ಳುವಾಗಲೇ ಮಗಳು ಒಳಗೆ ವಾಂತಿ ಮಾಡಿಕೊಳ್ಳುವುದು ಕೇಳಿಸಿತು. ಕಾಶಿ ಒಲೆಯ ಮುಂದೆಯೇ ಉಳಿದಳು. ಕರೆದೊಯ್ದರೂ ಭಯ, ಒಯ್ಯದಿದ್ದರೂ ಭಯ. ಎರಡೂ ಕಡೆ ಬಾಯ್ದೆರೆದ ನೀರು.

ಮನಿಷಾ ತಾನೇ ಫೋನು ಮಾಡಿ ಚಿಕ್ಕಪ್ಪನನ್ನು ಕರೆಸಿದಳು. ಸೋಮು ಬಂದವನು ಹುಡುಗಿಯ ಕಣ್ಣು ನೋಡಿ, “ಅತ್ಗೆ, ನಿಂಗೆ ತಲೆ ಅದ್ಯಾ ಇಲ್ವಾ?” ಎಂದು ಮೊದಲ ಸಲ ಅತ್ತಿಗೆಯ ಮೇಲೆ ಕೂಗಿದ. ಹುಡುಗಿಯನ್ನು ಎತ್ತಿ ಟೆಂಪೊದ ಮುಂದಿನ ಸೀಟಿನಲ್ಲಿ ಕೂರಿಸಿದ.

“ಟೆಂಪೊ ಬೇಡ ಸೋಮೂ. ಬಸ್ಸಿಗೆ ಹೋಗ್ವ.”

“ಬಸ್ಸಿಗೆ ನಿಂತ್ಕಂಡು ಬತ್ತಾಳೆ ಇವ್ಳು? ಹತ್ತು.”

ಹೆದ್ದಾರಿಯಲ್ಲಿ ಟೆಂಪೊ ಓಡಿತು. ಕಾಶಿ ಮಗಳನ್ನು ಎದೆಗೆ ಆನಿಸಿ ಹಿಡಿದಿದ್ದಳು. ಒಂದೇ ಯೋಚನೆ ತಲೆಯಲ್ಲಿ: ಆಸ್ಪತ್ರೆಯ ಬಾಗಿಲು ಮುಟ್ಟುವವರೆಗೆ ಇವಳ ಬಾಯಿ ನಿಲ್ಲಬಾರದು.

“ಮಾತಾಡ್ತಾ ಇರೇ ಮಗಾ. ಇದ್ಯಾವ ಊರು? ಹೇಳು.”

“ಅವರ್ಸಾ.”

“ಇದು?”

“ಹಾರವಾಡ... ಬಿಡೇ ಆಯಿ, ನಿದ್ದೆ ಬತ್ತದೆ.”

“ನಿದ್ದೆ ಮಾಡೂದಲ್ಲ! ಇದು ಯಾವುದು, ಹೇಳು, ಕಣ್ ಬಿಡು.”

ತೋಡೂರು ಎಂದಳು. ಆಮೇಲೆ ನೌಕಾನೆಲೆಯ ಉದ್ದದ ಗೋಡೆ ಶುರುವಾಯಿತು, ಅದಕ್ಕೆ ಊರಿನ ಹೆಸರು ಕೇಳುವಂತಿರಲಿಲ್ಲ. ಕಾಶಿ ಅವಳ ಶಾಲೆಯ ಮಾಸ್ತರರ ಹೆಸರು ಕೇಳಿದಳು, ಗೆಳತಿಯರ ಹೆಸರು ಕೇಳಿದಳು. ಬಿಣಗಾ ದಾಟಿ ಸುರಂಗದ ಒಳಗೆ ಹೊಕ್ಕಾಗ ಮನಿಷಾ ಉತ್ತರ ಕೊಡಲಿಲ್ಲ. ಕತ್ತಲಲ್ಲಿ ಟೆಂಪೊದ ಸದ್ದು ಬಿಟ್ಟು ಬೇರೇನೂ ಇಲ್ಲ. ಕಾಶಿ ಮಗಳ ಮೂಗಿನ ಮುಂದೆ ಅಂಗೈ ಹಿಡಿದಳು. ಗಾಳಿ ಯಾವುದು, ಉಸಿರು ಯಾವುದು ತಿಳಿಯಲಿಲ್ಲ. ಸುರಂಗ ಮುಗಿದು ಬೆಳಕು ಬಿದ್ದಾಗ ಹುಡುಗಿ ಹುಬ್ಬು ಗಂಟಿಕ್ಕಿ ಮುಖ ತಿರುಗಿಸಿದಳು. ಕಾಶಿಯ ಬಾಯಿಂದ ಅಳುವೋ ನಗುವೋ ಒಂದು ಸದ್ದು ಹೊರಟಿತು.

ಆಸ್ಪತ್ರೆಯ ಬಾಗಿಲಲ್ಲಿ ಗಾಲಿಮಂಚ ತಂದವರಿಗೆ ಅವಳು ಹೇಳಿದ ಮೊದಲ ಮಾತು, “ಜೀವ ಅದೆ! ನೋಡಿ, ಈಗ ಮಾತಾಡಿದ್ಲು! ಜೀವ ಅದೆ!”

“ಇದೆ ಅಕ್ಕಾ, ಯಾರು ಇಲ್ಲ ಅಂದ್ರು?” ಎಂದಳು ನರ್ಸು. ಐವತ್ತರ ಸಮೀಪದ ಹೆಂಗಸು. ಬಿಳಿಯ ಕೋಟಿನ ಮೇಲಿನ ಪಟ್ಟಿಯಲ್ಲಿ ಕನ್ನಡದಲ್ಲಿ ಲತಾ ಎಂದಿತ್ತು. ಅವಳು ಮೇಜಿನ ಮೇಲಿದ್ದ ದೊಡ್ಡ ಪುಸ್ತಕ ಎಳೆದುಕೊಂಡಳು. “ಹೆಸ್ರು ಹೇಳಿ.”

ಕಾಶಿ ಆ ಪುಸ್ತಕದ ಮೇಲೆ ಎರಡೂ ಕೈ ಊರಿ ನಿಂತಳು. “ಬರೂದು ಬೇಡ.”

“ಬರೀದೆ ಹೇಗೆ ಒಳಗೆ ಸೇರ್ಸೋದು?”

“ಹೆಸ್ರು ಬರೀರಿ. ಮುಂದೆ ಯಂತದೂ ಬರೂದು ಬೇಡ. ಕಾಲಿಗೆ ಬೀಳ್ತೆ.”

ಒಳಗಿನಿಂದ ಡಾಕ್ಟರು ಬಂದರು. ಎತ್ತರದ, ತೆಳ್ಳನೆಯ ಹೆಣ್ಣುಮಗಳು. ಮನಿಷಾಳ ಕಣ್ಣು, ನಾಲಿಗೆ, ಹೊಟ್ಟೆ ನೋಡಿ, “ಎಷ್ಟು ದಿನದ ಜ್ವರ? ಮೊದ್ಲು ಎಲ್ಲಿ ತೋರಿಸಿದ್ರಿ? ಯಾವ ಮಾತ್ರೆ ನಡೀತಾ ಇದೆ?” ಎಂದು ಒಂದೇ ಉಸಿರಿಗೆ ಕೇಳಿದರು.

ಕಾಶಿಯ ಕೈ ಕುಪ್ಪಸದ ಮೇಲೆ ಹೋಯಿತು. ಮಂಚದ ಮೇಲಿಂದ ಮನಿಷಾ ಕ್ಷೀಣವಾಗಿ, “ಆಯಿ, ಚೀಟಿ ಕೊಟ್ಟಿದ್ರಲ್ಲೇ,” ಎಂದಳು.

ಇನ್ನು ಅಡಗಿಸುವಂತಿರಲಿಲ್ಲ. ಬೆವರಿಗೆ ಮೆತ್ತಗಾಗಿ ಹರಿಯುವಂತಾಗಿದ್ದ ಚೀಟಿಯನ್ನು ಕಾಶಿ ಹೊರಗೆ ತೆಗೆದಳು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು.

“ಸರಿಯಾಗೇ ಕೊಟ್ಟಿದ್ದಾರಲ್ಲ! ಐದು ದಿನ ಆಯ್ತು. ಎಷ್ಟು ತಗೊಂಡ್ಲು?”

“ತಗಳ್ಲಿಲ್ಲ.”

“ಒಂದೂ?”

“ನಾ ತರ್ಲೇ ಇಲ್ಲ.”

“ಯಾಕೆ?” ಡಾಕ್ಟರ ದನಿ ಏರಿತು. “ಬಿಟ್ಟಿ ಕೊಡ್ತಾರೆ ಅಲ್ಲಿ! ಯಾಕೆ ತರ್ಲಿಲ್ಲ?”

ಕಾಶಿಯ ಬೆರಳು ಚೀಟಿಯ ಎರಡನೇ ಸಾಲಿನ ಮೇಲೆ ಹೋಗಿ ನಿಂತಿತು. “ಇದು ಬರ್ದಿದ್ರಲ್ರಾ ಮೊದ್ಲೇ. ನನ್ ಗಂಡಂಗೂ ಇದೇ ಬರ್ದಿದ್ರು. ಇಲ್ಲೇ. ಈ ಮೇಜಿನ ಮೇಲೆ. ಬರ್ದ ಮೇಲೇ ಸುದ್ದಿ ಹೇಳಿದ್ದು.”

ಡಾಕ್ಟರಿಗೆ ಅರ್ಥವಾಗಲಿಲ್ಲ. ಲತಾಗೆ ಆಯಿತು. ಇಪ್ಪತ್ತು ವರ್ಷ ಆ ಮೇಜಿನ ಹಿಂದೆ ಕುಳಿತವಳು, ಎರಡೂ ಬಗೆಯ ಬಿ ಡಿ ಬರೆದವಳು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು.

“ಅಯ್ಯೋ ಅಕ್ಕಾ. ಇದು ಅದಲ್ಲ. ಇದು ಮಾತ್ರೆ ತಗೊಳ್ಳೋ ಹೊತ್ತು. ದಿನಕ್ಕೆ ಎರಡು ಸಲ. ಏಳು ದಿನ.”

“ಎರಡು ಸಲ?”

“ಬೆಳಿಗ್ಗೆ ಒಂದು, ರಾತ್ರಿ ಒಂದು.”

ಕಾಶಿ ನೆಲದ ಮೇಲೆ ಕುಳಿತುಬಿಟ್ಟಳು. ಐದು ದಿನದಿಂದ ಎದೆಯ ಮೇಲೆ ಕುಳಿತಿದ್ದ ಭಯ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಅದು ಎದ್ದು, ತಿರುಗಿ, ಅವಳ ಮುಖವನ್ನೇ ನೋಡಿತು. ಮಗಳ ಸಾವನ್ನು ಯಾರೂ ಬರೆದಿರಲಿಲ್ಲ. ಬದುಕುವ ದಾರಿ ಬರೆದುಕೊಟ್ಟಿದ್ದರು, ಅದನ್ನು ತಾನು ಮಡಚಿ ಅಡಗಿಸಿಟ್ಟಿದ್ದಳು. ಇನ್ನು ಏನಾದರೂ ಆದರೆ ಅದು ತಾನೇ ಮಾಡಿದ್ದು.

“ಬೈಯೋಕೆ ಆಮೇಲೆ ಹೊತ್ತಿದೆ,” ಎಂದು ಡಾಕ್ಟರು ಯಾರಿಗೋ, ಬಹುಶಃ ತಮಗೇ, ಹೇಳಿಕೊಂಡು ಮಂಚವನ್ನು ಒಳಗೆ ತಳ್ಳಿಸಿದರು.

ಕಿಡ್ನಿ ನಿಂತಿತ್ತು. ರಕ್ತವನ್ನು ಯಂತ್ರದಲ್ಲಿ ಹಾಯಿಸಿ ತೊಳೆಯಬೇಕು ಎಂದರು. ಒಪ್ಪಿಗೆಯ ಕಾಗದಕ್ಕೆ ಕಾಶಿ ಹೆಬ್ಬೆಟ್ಟು ಒತ್ತಲಿಲ್ಲ, ಕನ್ನಡದಲ್ಲಿ ಹೆಸರು ಬರೆದು ಕೊಟ್ಟಳು. ಆಮೇಲೆ ಹೊರಗಿನ ಬೆಂಚಿನ ಮೇಲೆ ಕುಳಿತಳು. ಸೋಮು ಎದುರಿನ ಗೋಡೆಗೆ ಒರಗಿ ನಿಂತಿದ್ದ.

“ನನ್ ಹತ್ರ ಕೇಳಿದ್ದೆ ನೀನು,” ಎಂದ ಅವನು. “ನಾ ಅದೇಯ ಹೇಳಿ ಹೇಳ್ದೆ. ಚೀಟಿ ಎಲ್ಲಿ ಅದೆ ಹೇಳಿ ಒಂದು ಮಾತು ಕೇಳ್ಲಿಲ್ಲ ನಾನು.” ಮತ್ತೆ ಅವನು ಆ ಮಾತು ಎತ್ತಲಿಲ್ಲ. ಟೆಂಪೊ ಕೆಲಸಕ್ಕೆ ಬೇರೆಯವರನ್ನು ಹಾಕಿ ಅಲ್ಲೇ ಉಳಿದ.

ಮಾರನೆಯ ಮಧ್ಯಾಹ್ನ ಲತಾ ಕೆಲಸ ಮುಗಿಸಿ ಹೋಗುವ ಮುನ್ನ ಕಾಶಿಯ ಪಕ್ಕದಲ್ಲಿ ಬಂದು ಕುಳಿತಳು. ಅವಳ ಮನೆ ಶಿರವಾಡದಲ್ಲಿ. ಡಬ್ಬಿಯಲ್ಲಿ ಉಳಿದಿದ್ದ ಎರಡು ಇಡ್ಲಿ ಕೊಟ್ಟಳು.

“ಅಕ್ಕಾ, ಅದು ಇಂಗ್ಲಿಷೂ ಅಲ್ಲ, ಗೊತ್ತಾ? ಲ್ಯಾಟಿನ್ ಅಂತ ಒಂದು ಹಳೇ ಭಾಷೆ. ಹಿಂದಿನ ಕಾಲದ ಡಾಕ್ಟ್ರುಗಳು ಅದ್ರಲ್ಲೇ ಬರೀತಿದ್ರಂತೆ. ಬಿಸ್ ಅಂದ್ರೆ ಎರಡು ಸಲ, ಡಿ ಅಂದ್ರೆ ದಿನ. ನಮ್ಗೂ ನರ್ಸಿಂಗ್ ಶಾಲೇಲಿ ಬಾಯಿಪಾಠ ಮಾಡ್ಸಿದ್ರು. ಈಗ ಆ ಭಾಷೆ ಮನೇಲಿ ಮಾತಾಡೋರು ಯಾರೂ ಇಲ್ಲ.”

“ಯಾರೂ ಮಾತಾಡ್ದೇ ಇದ್ದ ಭಾಷೇಲಿ ನಮ್ಗೆ ಯಂತಕ್ಕೆ ಬರ್ದು ಕೊಡೂದ್ರಾ?”

ಲತಾ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

“ಎರಡಕ್ಕೂ ಅದೇ ಅಕ್ಷರ ಇಟ್ರೆ ಹೆಂಗೆ ತಿಳ್ಯೂದು?”

“ಬರ್ದ ಜಾಗದ ಮೇಲೆ ತಿಳೀತದೆ. ಪುಸ್ತಕದಲ್ಲಿ ಹೆಸ್ರಿನ ಮುಂದೆ ಇದ್ರೆ ಅದು. ಮಾತ್ರೆ ಮುಂದೆ ಇದ್ರೆ ಇದು. ನಮ್ಗೆ ಗೊತ್ತಾಗ್ತದೆ.”

“ನಿಮ್ಗೆ,” ಎಂದಳು ಕಾಶಿ. ಸಿಟ್ಟಿನಿಂದ ಹೇಳಿದ್ದಲ್ಲ. ಲತಾ ಅವಳ ಕೈ ಅದುಮಿ, ಬಸ್ಸಿನ ಹೊತ್ತಾಯಿತೆಂದು ಎದ್ದಳು.

ಏಳು ಎಂದರೆ ಮಾತ್ರೆಯ ದಿನಗಳು ಎಂದು ಈಗ ತಿಳಿದಿತ್ತು. ತಿಳಿದರೂ ಏಳನೆಯ ದಿನ ಕಾಶಿ ಬೆಳಗಾಗುವ ಮೊದಲೇ ಗಾಜಿನ ಬಾಗಿಲ ಮುಂದೆ ಬಂದು ನಿಂತಿದ್ದಳು. ಅಂದೇ ಯಂತ್ರದ ಮೇಲಿದ್ದ ಮನಿಷಾಳ ರಕ್ತದೊತ್ತಡ ಇಳಿಯಿತು. ಗಾಜಿನ ಬಾಗಿಲಿನ ಆಚೆ ಜನ ಓಡಾಡಿದರು, ಯಾರೋ ಪರದೆ ಎಳೆದರು. ಕಾಶಿ ಗಾಜಿಗೆ ಹಣೆ ಒತ್ತಿ ನಿಂತು, ಬಾಯೊಳಗೇ “ದಿನಕ್ಕೆ ಎರಡು ಸಲ, ದಿನಕ್ಕೆ ಎರಡು ಸಲ” ಎಂದು ಜಪದ ಹಾಗೆ ಹೇಳಿದಳು. ಬೇರೆ ಯಾವ ಮಂತ್ರವೂ ಅವಳಿಗೆ ನೆನಪಾಗಲಿಲ್ಲ. ಅರ್ಧ ತಾಸಿನ ಮೇಲೆ ಪರದೆ ಸರಿಯಿತು. ಮನಿಷಾ ಕಣ್ಣು ಬಿಟ್ಟಿದ್ದಳು.

ಅದಾದ ಮೂರನೆಯ ದಿನ ನಳಿಗೆಯ ಕೆಳಗಿನ ಚೀಲದಲ್ಲಿ ಎರಡು ಬೆರಳಿನಷ್ಟು ಉಚ್ಚೆ ತುಂಬಿತು. ಮರುದಿನ ಅರ್ಧ ಚೀಲ. ಡಾಕ್ಟರು ಬಗ್ಗಿ ನೋಡಿ, ಮೊದಲ ಸಲ ಕಾಶಿಯ ಕಡೆ ತಿರುಗಿ ನಕ್ಕರು. “ಇನ್ನು ಯಂತ್ರ ಬೇಡ ಅನ್ಸತ್ತೆ.” ಕಾಶಿ ಆ ಹಳದಿ ನೀರಿನ ಚೀಲವನ್ನು ದೇವರ ತೀರ್ಥ ನೋಡುವ ಹಾಗೆ ನೋಡಿದಳು.

ವಾರ್ಡಿಗೆ ಹಾಕಿದ ಮೇಲೆ, ಮನಿಷಾ ಎದ್ದು ಕೂರುವಷ್ಟಾದ ದಿನ, ಕಾಶಿ ತಾನೇ ಎಲ್ಲ ಹೇಳಿದಳು. ಕಿಂಡಿಯಿಂದ ಕೈ ಎಳೆದುಕೊಂಡದ್ದು, ಹೊನ್ನುವಿಗೆ ಸುಳ್ಳು ಹೇಳಿದ್ದು, ಏಳು ದಿನ ಎಣಿಸಿದ್ದು. ಒಂದನ್ನೂ ಬಿಡಲಿಲ್ಲ. ಮನಿಷಾ ಕೈಯಲ್ಲಿದ್ದ ಕಿತ್ತಳೆಯ ಸಿಪ್ಪೆಯನ್ನು ಸಣ್ಣ ಸಣ್ಣ ಚೂರು ಮಾಡುತ್ತಿದ್ದಳು.

“ನಂಗೆ ತೋರ್ಸಬೇಕಿತ್ತು,” ಎಂದಳು.

“ನೀ ಹೆದರ್ತೆ ಹೇಳಿ...”

“ನಾ ಹೆದರ್ಲಿಲ್ಲ ಹೇಳಿ ತಿಳ್ಕಂಡ್ಯಾ ನೀನು?” ಅವಳು ಸಿಪ್ಪೆಯ ಚೂರುಗಳನ್ನು ಹಾಸಿಗೆಯ ಮೇಲೆ ಎಸೆದಳು. “ಐದು ದಿನ ಒಳಗೆ ಮಲಗ್ಕಂಡು ನಿನ್ ಮುಖ ನೋಡ್ತಿದ್ದೆ. ನನ್ ನೋಡೂಕೆ ಬಂದಾಗೆಲ್ಲ ನಿನ್ ಮುಖ ಹೆಣ ನೋಡ್ದಂಗೆ ಇತ್ತು. ಯಂತ ಆಯ್ತು ನಂಗೆ ಹೇಳಿ ಕೇಳೂಕೂ ಹೆದ್ರಿಕೆ. ನೀ ಒಬ್ಳೇ ಹೆದರ್ಕಂಡದ್ದಲ್ಲ ಆಯಿ.”

ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಎರಡು ದಿನ ಚಿಕ್ಕಪ್ಪನ ಜೊತೆ ಮಾತ್ರ ಮಾತಾಡಿದಳು. ಕಾಶಿ ಗಂಜಿ ತಂದರೆ ಕುಡಿಯುತ್ತಿದ್ದಳು, ಲೋಟ ತಿರುಗಿ ಕೊಡುತ್ತಿದ್ದಳು, ಅಷ್ಟೇ. ಕಾಶಿ ಅದಕ್ಕೂ ಎದುರಾಡಲಿಲ್ಲ. ಬದುಕಿರುವವಳ ಸಿಟ್ಟು. ಇರಲಿ ಎಂದುಕೊಂಡಳು. ಮೂರನೆಯ ದಿನ ಮನಿಷಾ, “ತಲೆ ಸಿಕ್ಕಾಯ್ತು, ಬಾಚೇ,” ಎಂದು ಬೆನ್ನು ತಿರುಗಿಸಿ ಕುಳಿತಳು. ಜ್ವರದಲ್ಲಿ ಉದುರಿದ ಕೂದಲು ಬಾಚಣಿಗೆಯ ತುಂಬ ಬಂತು. ಕಾಶಿ ಅದನ್ನು ಮಗಳಿಗೆ ಕಾಣದ ಹಾಗೆ ಸೆರಗಿಗೆ ಸುತ್ತಲು ಹೋದವಳು, ತಡೆದು, “ಕೂದ್ಲು ಬಾಳ ಹೋಯ್ತು ಮಗಾ,” ಎಂದು ಎದುರಿಗೇ ಹಿಡಿದು ತೋರಿಸಿದಳು.

“ಬತ್ತದೆ ಬಿಡು,” ಎಂದಳು ಮನಿಷಾ.

ಮನೆಗೆ ಹೋದ ಮೇಲೆ ವಾರಕ್ಕೊಮ್ಮೆ ರಕ್ತ ಪರೀಕ್ಷೆಗೆ ಕಾರವಾರಕ್ಕೆ ಬರಬೇಕಿತ್ತು. ನಾಲ್ಕು ವಾರ ಬಂದರು. ಪ್ರತಿ ಸಲವೂ ಫಲಿತಾಂಶದ ಕಾಗದ ಬರುವವರೆಗೆ ಕಾಶಿಗೆ ನೀರೂ ಇಳಿಯುತ್ತಿರಲಿಲ್ಲ. ನಾಲ್ಕನೇ ಸಲ ಡಾಕ್ಟರು ಕಾಗದ ನೋಡಿ, “ಎಲ್ಲ ಸರಿ ಆಗಿದೆ. ಇನ್ನು ಬರೋದು ಬೇಡ,” ಎಂದರು.

“ಬೇಡ ಅಂದ್ರೆ?” ಕಾಶಿ ಗಾಬರಿಯಿಂದ ಕುರ್ಚಿ ಹಿಡಿದು ನಿಂತಳು. “ಬೇಡ ಹೇಳಿ ಯಂತಕ್ಕೆ ಹೇಳ್ತ್ರಿ? ಸರೀ ಬಿಡಿಸಿ ಹೇಳಿ.”

“ಗುಣ ಆಗಿದೆ ಅಂತ ಅಕ್ಕಾ. ಮಗಳು ಹುಷಾರಾಗಿದ್ದಾಳೆ.”

ಮನಿಷಾ ನಗತೊಡಗಿದಳು. ತಿಂಗಳ ಮೇಲೆ ಮೊದಲ ಸಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹೊರಗೆ ಬಂದ ಮೇಲೆ ಹಸಿವು ಎಂದಳು. ಬಸ್ ನಿಲ್ದಾಣದ ಹತ್ತಿರದ ಸಣ್ಣ ಹೋಟೆಲಿನಲ್ಲಿ ಎರಡು ಬನ್ಸ್, ಭಾಜಿ ತಿಂದಳು, ಇನ್ನೊಂದು ಬೇಕೆಂದಳು. ಕಾಶಿ ಎದುರಿಗೆ ಕುಳಿತು ಚಹಾದ ಲೋಟ ಎತ್ತಿದಳು. ಅರ್ಧ ಚಹಾ ಮೇಜಿನ ಮೇಲೆ ಚೆಲ್ಲಿತು.

“ಇತ್ಲಾಗೆ ಕೊಡು,” ಎಂದು ಮನಿಷಾ ಎಡಗೈಯಿಂದ ಲೋಟ ತೆಗೆದುಕೊಂಡು, ಉಳಿದ ಚಹಾವನ್ನು ಬಸಿ ತಟ್ಟೆಗೆ ಹೊಯ್ದು, ಆರಿಸಿ, ತಾಯಿಯ ಮುಂದೆ ಸರಿಸಿದಳು.